ಇಸ್ಲಾ ಮುಹೇರೆಸ್ ದ್ವೀಪ ನೋಡಲು ಗಾಲ್ಫ್ ಕಾರ್ಟ್ ಬಾಡಿಗೆ: ಒಂದು ದಿನಕ್ಕೆ ಸಾಕೇ, ಮೂರೂ ದಿನ ಬೇಕೇ?

ಹಿತ್ತಲಗಿಡ

ಎಲ್ಲರಿಗೂ ನಮಸ್ಕಾರ. ಹ್ಯೂಸ್ಟನ್‌ನಲ್ಲಿ ನೆಲೆಸಿರುವ ನಾವು, ಮೈಸೂರಿನಿಂದ ಬಂದಿರುವ ನನ್ನ ಅಪ್ಪ ಅಮ್ಮನನ್ನೂ ಒಂಬತ್ತು ಮತ್ತು ಐದು ವರ್ಷದ ನಮ್ಮ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಫೆಬ್ರವರಿಯಲ್ಲಿ ಮೆಕ್ಸಿಕೋದ ಕಾನ್‌ಕುನ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಇಸ್ಲಾ ಮುಹೇರೆಸ್ ದ್ವೀಪಕ್ಕೆ ದಾಟಿ ಮೂರು ರಾತ್ರಿ ಉಳಿಯಬೇಕೆಂದು ನಿಶ್ಚಯಿಸಿದ್ದೇವೆ. ದ್ವೀಪದ ಉದ್ದ ಸುಮಾರು 7 ಕಿಲೋಮೀಟರ್ ಎಂದು ಓದಿದ್ದೇನೆ. ಅಪ್ಪನಿಗೆ 72 ವರ್ಷ, ಮಂಡಿನೋವು ಇದೆ, ಆದ್ದರಿಂದ ಹೆಚ್ಚು ನಡೆಯಲಾರರು. ಅಲ್ಲಿ ಎಲ್ಲರೂ ಗಾಲ್ಫ್ ಕಾರ್ಟ್, ಅಂದರೆ ಗಾಲ್ಫ್ ಮೈದಾನದಲ್ಲಿ ಓಡಾಡಲೆಂದು ಮಾಡಿದ ಪುಟ್ಟ ಗಾಡಿ, ಬಾಡಿಗೆಗೆ ಪಡೆದು ಓಡಾಡುತ್ತಾರೆಂದು ತಿಳಿದುಬಂದಿದೆ. ನನ್ನ ಪ್ರಶ್ನೆಗಳು ಇಷ್ಟೇ. ಗಾಡಿಯನ್ನು ಮೂರೂ ದಿನಕ್ಕೆ ಪಡೆಯಬೇಕೇ, ಒಂದು ದಿನಕ್ಕೆ ಸಾಕೇ? ಆರು ಜನ ಒಂದೇ ಗಾಡಿಯಲ್ಲಿ ಕೂರಬಹುದೇ? ಮೂವತ್ತು ವರ್ಷ ಅಂಬಾಸಡರ್ ಓಡಿಸಿರುವ ಅಪ್ಪ ಈಗಾಗಲೇ "ನಾನೇ ಓಡಿಸುತ್ತೇನೆ" ಎಂದು ಪಟ್ಟು ಹಿಡಿದಿದ್ದಾರೆ. ಅವರ ಕೈಗೆ ಗಾಡಿ ಕೊಡುವುದು ಸರಿಯೇ?

ಕಡಲಂಚು

ಮೂರು ಸಲ ಅಲ್ಲಿಗೆ ಹೋಗಿ ಬಂದವನಾಗಿ ಹೇಳುತ್ತೇನೆ: ಒಂದು ದಿನ ಸಾಕು, ಆದರೆ ಆ ಒಂದು ದಿನ ಗಾಡಿ ಬೇಕೇ ಬೇಕು.

ಕಾರಣ ದ್ವೀಪದ ಆಕಾರದಲ್ಲೇ ಇದೆ. ಅದು ಬಡಗಣ ತುದಿಯಿಂದ ಆಗ್ನೇಯಕ್ಕೆ ಚಾಚಿಕೊಂಡಿರುವ ಕಿರಿದಾದ ಪಟ್ಟಿ. ಪೇಟೆ, ದೋಣಿಕಟ್ಟೆ, ಹೆಚ್ಚಿನ ಹೋಟೆಲುಗಳು ಮತ್ತು ಪ್ಲಾಯಾ ನೋರ್ತೆ ಎಂಬ ಹೆಸರಾಂತ ಕಡಲತೀರ ಇವೆಲ್ಲ ಬಡಗಣ ತುದಿಯಲ್ಲೇ ಒತ್ತೊತ್ತಾಗಿವೆ. ನೀವು ಪೇಟೆಯಲ್ಲೇ ಉಳಿಯುವುದಾದರೆ ಕಡಲತೀರಕ್ಕೂ ಊಟಕ್ಕೂ ಕೆಲವೇ ನಿಮಿಷಗಳ ನಡಿಗೆ, ಮತ್ತು ಅಲ್ಲಿ ಗಾಡಿ ಇದ್ದರೆ ಅದನ್ನು ಎಲ್ಲಿ ನಿಲ್ಲಿಸುವುದೆಂಬುದೇ ನಿಮ್ಮ ದಿನದ ಚಿಂತೆಯಾಗುತ್ತದೆ. ಪೇಟೆಯ ಬೀದಿಗಳು ಇಕ್ಕಟ್ಟಾಗಿವೆ, ಹೆಚ್ಚಿನವು ಏಕಮುಖ, ಇದಾಲ್ಗೊ ಬೀದಿಯ ಊಟದ ಸಾಲಿನೊಳಗಂತೂ ಕಾಲ್ನಡಿಗೆಯವರದೇ ರಾಜ್ಯ. ಪಾದಚಾರಿ ಕಟ್ಟೆಯ ಅಂಚಿಗೆ ಹಳದಿ ಬಣ್ಣ ಬಳಿದಿದ್ದರೆ ಅಲ್ಲಿ ನಿಲ್ಲಿಸುವಂತಿಲ್ಲ.

ದೂರ ಇರುವುದು ತೆಂಕಣ ತುದಿ, ಅಂದರೆ ಪುಂತಾ ಸುರ್. ಅಲ್ಲಿಗೆ ಹೋಗುವ ದಾರಿಯಲ್ಲಿ ಉಪ್ಪಿನ ಕೆರೆಗಳು, ನೌಕಾಪಡೆಯ ವಿಮಾನಗಳ ಪುಟ್ಟ ಓಡುದಾರಿ, ಮುಂದಾಕಾ ಎಂಬ ಗುಲಾಮ ವ್ಯಾಪಾರಿಯ ಹಳೆಯ ತೋಟ, ಸಾಕ್ ಬಾಹೊ ಕಡೆಗೆ ತಿರುಗಿದರೆ ಆಮೆಮರಿಗಳನ್ನು ಸಾಕಿ ಕಡಲಿಗೆ ಬಿಡುವ ತೋರ್ತುಗ್ರಾಂಹಾ ಸಿಗುತ್ತವೆ. ಇವುಗಳ ನಡುವೆ ಬಿಸಿಲಿನಲ್ಲಿ ನಡೆಯುವುದು ಎಳೆಯರಿಂದಲೂ ಆಗದು.

ದೋಣಿಕಟ್ಟೆಯಿಂದ ಪಡುವಣ ದಂಡೆಯ ರುಯೆದಾ ಮೆದೀನಾ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಗಿ, ಪುಂತಾ ಸುರ್ ನೋಡಿ, ಮೂಡಣ ದಂಡೆಯ ರಸ್ತೆಯಲ್ಲಿ ಉತ್ತರಕ್ಕೆ ಹಿಂದಿರುಗಿ ಎಂಬುದು ನನ್ನ ಸಲಹೆ. ಮೆಕ್ಸಿಕೋದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುವುದರಿಂದ, ಈ ದಿಕ್ಕಿನಲ್ಲಿ ಸುತ್ತಿದರೆ ಹೋಗುವಾಗಲೂ ಬರುವಾಗಲೂ ಕಡಲು ನಿಮ್ಮ ಬಲಕ್ಕೇ ಇರುತ್ತದೆ, ಎಲ್ಲಿ ಮನಸ್ಸಾದರೂ ಎದುರು ವಾಹನಗಳನ್ನು ಅಡ್ಡಹಾಯದೆ ಬದಿಗೆ ನಿಲ್ಲಿಸಬಹುದು. ಇದು ದ್ವೀಪಕ್ಕೆ ಅಪ್ರದಕ್ಷಿಣೆಯಾಗುತ್ತದೆ ಎಂದು ನನ್ನ ಅತ್ತೆಯವರು ಗೊಣಗಿದ್ದರು, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಗೇರುಬೀಜ

ಓಡಿಸುವ ಬಗೆಯನ್ನು ಕುರಿತು ಯಾರೂ ಮೊದಲೇ ಹೇಳಿಕೊಡುವುದಿಲ್ಲವಾದ್ದರಿಂದ ಅಷ್ಟನ್ನು ಬರೆಯುತ್ತೇನೆ. ಅಲ್ಲಿನ ಬಾಡಿಗೆ ಗಾಡಿಗಳು ಬಹುಪಾಲು ಪೆಟ್ರೋಲಿನವು. ಕೀಲಿ ತಿರುಗಿಸಿದಾಗ ಏನೂ ಸದ್ದಾಗುವುದಿಲ್ಲ, ಆಕ್ಸಿಲರೇಟರ್ ಒತ್ತಿದಾಗಲೇ ಎಂಜಿನ್ ಚಾಲೂ ಆಗಿ ಗಾಡಿ ಹೊರಡುತ್ತದೆ, ಕಾಲು ತೆಗೆದರೆ ಎಂಜಿನ್ ನಿಂತುಬಿಡುತ್ತದೆ. ಮೊದಲ ಸಲ ಕೂತವರು ಗಾಡಿ ಕೆಟ್ಟಿದೆಯೆಂದು ತಿಳಿದು ಕೀಲಿಯನ್ನು ಮತ್ತೆ ಮತ್ತೆ ತಿರುಗಿಸುವುದನ್ನು ದೋಣಿಕಟ್ಟೆಯ ಎದುರು ಬೆಳಗಿನ ಹೊತ್ತು ಯಾವಾಗ ಬೇಕಾದರೂ ನೋಡಬಹುದು.

ಗೇರ್ ಎಂಬುದಿಲ್ಲ. ಮುಂದಕ್ಕೋ ಹಿಂದಕ್ಕೋ ಎಂದು ಬದಲಿಸುವ ಒಂದು ಸನ್ನೆಕೋಲು ಸಾಮಾನ್ಯವಾಗಿ ಸೀಟಿನ ಕೆಳಗೆ, ಕಾಲುಗಳ ನಡುವೆ ಇರುತ್ತದೆ, ಹಿಂದಕ್ಕೆ ಹಾಕಿದಾಗ ಕಿವಿ ಚುಚ್ಚುವಂತೆ ಕೀಂಯ್ ಎನ್ನುತ್ತದೆ. ಬ್ರೇಕ್ ಪೆಡಲಿನ ಮೇಲ್ಭಾಗವನ್ನು ಒತ್ತಿ ಕಚ್ಚಿಸಿದರೆ ಅದೇ ಹ್ಯಾಂಡ್‌ಬ್ರೇಕ್. ಅದನ್ನು ಬಿಡಿಸಲು ಬೇರೇನೂ ಮಾಡಬೇಕಿಲ್ಲ, ಆಕ್ಸಿಲರೇಟರ್ ತುಳಿದರೆ ಸಾಕು. ಅಪಾಯ ಇರುವುದು ಇಲ್ಲೇ: ಗಾಡಿ ನಿಂತಿದೆ, ಎಂಜಿನ್ ಸದ್ದಿಲ್ಲ, ಕೀಲಿ ಮಾತ್ರ ಚಾಲೂ ಸ್ಥಿತಿಯಲ್ಲಿದೆ ಎಂದಿಟ್ಟುಕೊಳ್ಳಿ. ಮಗುವೊಂದು ಆಟಕ್ಕೆ ಪೆಡಲ್ ತುಳಿದರೆ ಗಾಡಿ ನುಗ್ಗುತ್ತದೆ. ಐದು ವರ್ಷದ ಮಗುವಿರುವ ನೀವು ಇಳಿದಾಗಲೆಲ್ಲ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ.

ಆರು ಜನರ ಗಾಡಿ ಸಿಗುತ್ತದೆ, ಆದರೆ ಹಲವು ಗಾಡಿಗಳಲ್ಲಿ ಕೊನೆಯ ಸಾಲು ಹಿಮ್ಮುಖವಾಗಿರುತ್ತದೆ. ದ್ವೀಪದ ಉದ್ದಕ್ಕೂ ಹಂಪ್‌ಗಳಿವೆ, ಅವನ್ನು ಅಲ್ಲಿ ತೋಪೆ ಎನ್ನುತ್ತಾರೆ, ಅನೇಕ ಕಡೆ ಬಣ್ಣ ಮಾಸಿ ಕಾಣಿಸುವುದೇ ಇಲ್ಲ. ಹಂಪ್ ಹಾರಿದಾಗ ಹಿಂದೆ ಕೂತವರು ಮುಂದಿನವರಿಗಿಂತ ಒಂದು ಗೇಣು ಹೆಚ್ಚು ಎಗರುತ್ತಾರೆ, ಅವರಿಗೆ ಮುಂಚಿತವಾಗಿ ಅದು ಕಾಣುವುದೂ ಇಲ್ಲ. ಮಕ್ಕಳನ್ನೂ ಹಿರಿಯರನ್ನೂ ಆ ಸಾಲಿನಲ್ಲಿ ಕೂರಿಸಬೇಡಿ.

ಗಡಿಯಾರಗೋಪುರ

ಹಣದ ವಿಷಯ ಸ್ವಲ್ಪ ಕಹಿಯಾದದ್ದು. ಎರಡು ವರ್ಷದ ಹಿಂದೆ ನಾವು ಬಾಡಿಗೆಗೆ ಪಡೆದ ಅಂಗಡಿಯ ಹೆಸರು ಬೇಡ. ಬೆಳಿಗ್ಗೆ ಆತ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಕೀಲಿ ಕೊಟ್ಟ. ಸಂಜೆ ಹಿಂದಿರುಗಿಸಿದಾಗ ಬಲಬದಿಯ ಹಿಂದಿನ ಮೂಲೆಯಲ್ಲಿದ್ದ ಬಿರುಕನ್ನು ತೋರಿಸಿ, ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದಿದ್ದ ಠೇವಣಿಯಿಂದ ಒಂದು ಭಾಗವನ್ನು ಮುರಿದುಕೊಂಡ. ಆ ಬಿರುಕು ಬೆಳಿಗ್ಗೆಯೇ ಇತ್ತು, ಅದರೊಳಗೆ ಹಳೆಯ ಧೂಳು ಕೂತಿತ್ತು, ಆದರೆ ನಮ್ಮಲ್ಲಿ ಪುರಾವೆ ಇರಲಿಲ್ಲ. ಅಂದಿನಿಂದ ನಾನು ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರು, ಛಾವಣಿ, ಗಾಜು, ಪೆಟ್ರೋಲಿನ ಮಟ್ಟ ಎಲ್ಲವನ್ನೂ, ಅಂಗಡಿಯವನ ಮುಖವೂ ಸೇರುವಂತೆ ವಿಡಿಯೊ ಮಾಡಿಕೊಂಡ ಮೇಲೆಯೇ ಕೀಲಿ ಮುಟ್ಟುತ್ತೇನೆ.

ಇನ್ನು ಕೆಲವು ಮಾತುಗಳು. ಬಾಯಲ್ಲಿ ಹೇಳಿದ ಬೆಲೆಯಲ್ಲಿ 16 ಪ್ರತಿಶತ ತೆರಿಗೆ ಸೇರಿದೆಯೇ ಎಂದು ಕೇಳಿ. ಒಂದು ದಿನ ಎಂದರೆ ಸಂಜೆ ಐದು ಗಂಟೆಯವರೆಗೆ ಎಂದೂ ಇರಬಹುದು, ಮರುದಿನ ಇದೇ ಹೊತ್ತಿನವರೆಗೆ ಎಂದೂ ಇರಬಹುದು, ಬೆಲೆಗಳು ಬೇರೆ ಬೇರೆ. ಅಮೆರಿಕದ ನಿಮ್ಮ ಕಾರಿನ ವಿಮೆ ಮೆಕ್ಸಿಕೋದಲ್ಲಿ ನಡೆಯುತ್ತದೆ ಎಂದುಕೊಳ್ಳಬೇಡಿ. ಕ್ರೆಡಿಟ್ ಕಾರ್ಡು ಕೊಡುವ ಬಾಡಿಗೆ ಕಾರಿನ ರಕ್ಷಣೆಯೂ ಗಾಲ್ಫ್ ಕಾರ್ಟಿಗೆ ಅನ್ವಯಿಸದಿರುವುದೇ ಹೆಚ್ಚು. ಕರಾರಿನಲ್ಲಿ ಯಾರ ಹೆಸರಿದೆಯೋ ಅವರೇ ಓಡಿಸಬೇಕು. ಅಪ್ಪನವರ ಕೈಗೆ ಸ್ಟೀರಿಂಗ್ ಕೊಡುವ ಮನಸ್ಸಿದ್ದರೆ ಅವರ ಹೆಸರನ್ನೂ ಲೈಸೆನ್ಸ್ ತೋರಿಸಿ ಬರೆಸಿ. ಬರೆಸದೆ ಕೊಟ್ಟು ಏನಾದರೂ ಆದರೆ ಪೂರ್ತಿ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಬಂಗಡೆ

ಕಡಲಂಚು ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇಲ್ಲ. ಬೆಲೀಜ್ ದೇಶದ ಆಂಬರ್ಗ್ರಿಸ್ ಕೀ ದ್ವೀಪದಲ್ಲಿ, ಸಾನ್ ಪೆದ್ರೊ ಪೇಟೆಯಲ್ಲಿ, ನಾವು ಐದು ದಿನವೂ ಗಾಡಿ ಇಟ್ಟುಕೊಂಡಿದ್ದೆವು, ಒಂದು ದಿನವೂ ವ್ಯರ್ಥವೆನಿಸಲಿಲ್ಲ. ಬೆಳಿಗ್ಗೆ ಎದ್ದು ಹಣ್ಣಿನ ಅಂಗಡಿಗೆ ಹೋಗುವುದು, ಮಧ್ಯಾಹ್ನ ಮಕ್ಕಳು ಗಾಡಿಯಲ್ಲೇ ನಿದ್ದೆಹೋಗುವುದು, ಸಂಜೆ ಒದ್ದೆ ಬಟ್ಟೆಯಲ್ಲೇ ಮನೆಗೆ ಮರಳುವುದು, ಇವೆಲ್ಲ ಟ್ಯಾಕ್ಸಿಯಲ್ಲಿ ಸಾಧ್ಯವಿಲ್ಲ. ಅಲ್ಲಿ ಗಾಲ್ಫ್ ಕಾರ್ಟ್ ಎಂಬುದು ಪ್ರವಾಸಿಗರ ಆಟಿಕೆಯಲ್ಲ, ಊರಿನವರು ಮಕ್ಕಳನ್ನು ಶಾಲೆಗೆ ಬಿಡುವುದೂ ಅದರಲ್ಲೇ. ಪೇಟೆಯಿಂದ ಸೀಕ್ರೆಟ್ ಬೀಚ್ ಎಂಬ ಪಡುವಣ ದಂಡೆಗೆ ಗುಂಡಿಬಿದ್ದ ಮಣ್ಣುರಸ್ತೆಯಲ್ಲಿ ಒಂದು ಗಂಟೆಯಷ್ಟು ಕುಲುಕಿಕೊಂಡು ಹೋಗಬೇಕು. ಮಳೆ ಬಂದ ಮರುದಿನವಾದರೆ ಗಾಡಿಯ ಬಣ್ಣವೇ ಬೇರೆಯಾಗಿರುತ್ತದೆ, ಸೊಂಟದ ಸ್ಥಿತಿಯೂ ಹಾಗೆಯೇ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆಯಾದ್ದರಿಂದ ಕರಾರನ್ನು ಓದಿಕೊಳ್ಳಲು ತೊಡಕಿಲ್ಲ, ಎರಡು ಬೆಲೀಜ್ ಡಾಲರಿಗೆ ಒಂದು ಅಮೆರಿಕನ್ ಡಾಲರ್ ಎಂಬ ಸ್ಥಿರ ಲೆಕ್ಕವಿರುವುದರಿಂದ ಬೆಲೆಯಲ್ಲಿಯೂ ಗೊಂದಲವಿಲ್ಲ. ಯಾವ ಡಾಲರಿನಲ್ಲಿ ಹೇಳುತ್ತಿದ್ದಾರೆಂದು ಮಾತ್ರ ಕೇಳಿಕೊಳ್ಳಬೇಕು.

ಕಡಲಂಚು

ಬಂಗಡೆ ಅವರೇ, ನೀವು ಹೇಳುವ ದ್ವೀಪ ಇದಕ್ಕಿಂತ ಹಲವು ಪಟ್ಟು ಉದ್ದವಾದದ್ದು, ವಸತಿಗಳೂ ಅಲ್ಲಲ್ಲಿ ಚದುರಿವೆ. ಅಲ್ಲಿ ಐದು ದಿನ ಸರಿ. ಇಸ್ಲಾ ಮುಹೇರೆಸ್‌ನಲ್ಲಿ ಎರಡನೆಯ ದಿನ ಅದೇ ರಸ್ತೆಯನ್ನು ಮತ್ತೊಮ್ಮೆ ಸುತ್ತುವುದಲ್ಲದೆ ಬೇರೇನಿದೆ?

ಮಳೆಬಿಲ್ಲು

ನಾನು ಕೆಲಸದ ನಿಮಿತ್ತ ಒಂದು ವರ್ಷ ಕಾನ್‌ಕುನ್‌ನಲ್ಲಿದ್ದೆ, ಬಿಡುವಾದಾಗಲೆಲ್ಲ ಆ ದ್ವೀಪಕ್ಕೆ ಹೋಗುತ್ತಿದ್ದೆ. ನಡುಭಾಗದ ಬಡಾವಣೆಗಳಲ್ಲಿ ಸಾವಿರಾರು ಜನ ಬದುಕುತ್ತಿದ್ದಾರೆ, ಅವರು ಶಾಲೆಗೂ ಕೆಲಸಕ್ಕೂ ಆಸ್ಪತ್ರೆಗೂ ಹೋಗಲು ಇರುವುದು ಆ ಎರಡೇ ಮುಖ್ಯ ರಸ್ತೆಗಳು. ಮುಂದೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹಾಡು ಹಾಕಿಕೊಂಡು ಸಾಗುವ ಗಾಡಿಗಳ ಸಾಲಿದ್ದರೆ ಹಿಂದೆ ಮೊಪೆಡ್ ಮೇಲೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ತಾಯಿ ಏನು ಮಾಡಬೇಕು? ಗಾಡಿ ಪಡೆಯಬೇಡಿ ಎನ್ನುತ್ತಿಲ್ಲ. ಹಿಂದೆ ವಾಹನ ಬಂದಾಗ ಬದಿಗೆ ಸರಿದು ದಾರಿ ಬಿಡಿ, ಚಿತ್ರ ತೆಗೆಯಲು ರಸ್ತೆಯ ಮೇಲೆಯೇ ನಿಲ್ಲಬೇಡಿ, ಕಡಲತೀರದಲ್ಲಿ ಬಿಯರ್ ಕುಡಿದವರು ಸ್ಟೀರಿಂಗ್ ಹಿಡಿಯದಿರಲಿ. ಉಳಿದ ಎರಡು ದಿನಗಳಿಗೆ ಟ್ಯಾಕ್ಸಿಯಿದೆ, ಊರಿನವರ ಬಸ್ಸೂ ಇದೆ.

ಇನ್ನೊಂದು ವಿಷಯ ಫೆಬ್ರವರಿಗೆ ಸಂಬಂಧಿಸಿದ್ದು. ಚಳಿಗಾಲದಲ್ಲಿ ನೋರ್ತೆ ಎಂಬ ಬಡಗಣ ಗಾಳಿ ಬೀಸಿದಾಗ ಸಣ್ಣ ದೋಣಿಗಳನ್ನು ನಿಲ್ಲಿಸುವುದುಂಟು, ಗಾಳಿ ಜೋರಾದರೆ ದೊಡ್ಡ ದೋಣಿಯೂ ನಿಲ್ಲುತ್ತದೆ. ಬದಿಗಳು ತೆರೆದಿರುವ ಗಾಡಿಯಲ್ಲಿ ಮೂಡಣ ದಂಡೆಯ ಮೇಲೆ ಹೋಗುವಾಗ ಹಿರಿಯರಿಗೆ ಒಂದು ಶಾಲು ಇರಲಿ. ಗಾಡಿಯನ್ನು ಮುಂಗಡವಾಗಿ ಕಾದಿರಿಸುವ ಮೊದಲು ಹವಾಮಾನ ನೋಡಿ ದಿನ ಬದಲಿಸಿಕೊಳ್ಳಲು ಅವಕಾಶವಿದೆಯೇ ಎಂದು ಕೇಳಿ. ಫೆಬ್ರವರಿಯ ಒಂದು ಲಾಭವೆಂದರೆ ಬೇಸಿಗೆಯಲ್ಲಿ ಮೂಡಣ ದಂಡೆಗೆ ರಾಶಿರಾಶಿಯಾಗಿ ಬಂದು ಕೊಳೆತು ನಾರುವ ಸರ್ಗಾಸೊ ಪಾಚಿ ಆಗ ಅಷ್ಟಾಗಿ ಇರುವುದಿಲ್ಲ.

ಹಿತ್ತಲಗಿಡ

ಎಲ್ಲರಿಗೂ ಧನ್ಯವಾದಗಳು. ಒಂದು ದಿನಕ್ಕೆ, ಇಪ್ಪತ್ನಾಲ್ಕು ಗಂಟೆಗಳ ಲೆಕ್ಕದಲ್ಲಿ ಆರು ಜನರ ಗಾಡಿಯನ್ನು ಪಡೆಯುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಅಪ್ಪ ಅಮ್ಮನ ಬಳಿ ಭಾರತದ ಪಾಸ್‌ಪೋರ್ಟ್ ಇದೆ, ಅಮೆರಿಕದ ಸಂದರ್ಶಕ ವೀಸಾ ಊರ್ಜಿತದಲ್ಲಿದೆ. ಮೆಕ್ಸಿಕೋಗೆ ಪ್ರತ್ಯೇಕ ವೀಸಾ ಬೇಕೇ? ಮತ್ತು ಪುಂತಾ ಸುರ್‌ನಲ್ಲಿ ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಅಪ್ಪ ಎಷ್ಟು ಮೆಟ್ಟಿಲು ಹತ್ತಿಳಿಯಬೇಕಾಗುತ್ತದೆ?

ಕಡಲಂಚು

ಊರ್ಜಿತದಲ್ಲಿರುವ ಅಮೆರಿಕದ ವೀಸಾ ಇದ್ದವರು ಪ್ರವಾಸಕ್ಕೆಂದು ಮೆಕ್ಸಿಕೋಗೆ ಹೋಗಲು ಅಲ್ಲಿನ ಪ್ರತ್ಯೇಕ ವೀಸಾ ಬೇಕಿಲ್ಲ. ಆದರೆ ಹಿಂದಿರುಗಿ ಅಮೆರಿಕವನ್ನು ಪ್ರವೇಶಿಸಲು ಅದೇ ವೀಸಾ ಮತ್ತೆ ಬೇಕಾಗುವುದರಿಂದ ಅದು ಹಲವು ಪ್ರವೇಶಗಳಿಗೆ ಅವಕಾಶ ಕೊಡುವಂಥದ್ದೇ ಎಂದು ನೋಡಿಕೊಳ್ಳಿ.

ಪುಂತಾ ಸುರ್‌ನಲ್ಲಿ ಗಾಡಿಯನ್ನು ಪ್ರವೇಶದ್ವಾರದ ಹೊರಗೇ ನಿಲ್ಲಿಸಿ ಚೀಟಿ ಪಡೆದು ಒಳಗೆ ನಡೆಯಬೇಕು. ಮೊದಲ ಭಾಗ ಹೆಚ್ಚುಕಡಿಮೆ ಸಮತಟ್ಟು, ಅಲ್ಲಿ ಬಣ್ಣಬಣ್ಣದ ಕಬ್ಬಿಣದ ಶಿಲ್ಪಗಳಿವೆ. ಅದರಾಚೆ ಮಾಯಾ ಜನಾಂಗದವರ ಇಶ್ಚೆಲ್ ಎಂಬ ದೇವಿಯ ಗುಡಿಯ ಅವಶೇಷವಿದೆ. ಹೆರಿಗೆ, ಮದ್ದು, ನೇಯ್ಗೆ ಇವುಗಳ ಅಧಿದೇವತೆ ಆಕೆ. 1517ರಲ್ಲಿ ಕ್ಯೂಬಾದಿಂದ ಹೊರಟ ಎರ್ನಾಂದೆಸ್ ದೆ ಕೋರ್ದೊಬಾನ ಸ್ಪ್ಯಾನಿಷ್ ತಂಡ ಇಲ್ಲಿ ಹೆಣ್ಣುವಿಗ್ರಹಗಳನ್ನು ಕಂಡು ಹೆಂಗಸರ ದ್ವೀಪ ಎಂಬ ಅರ್ಥದ ಹೆಸರನ್ನಿಟ್ಟಿತೆಂಬುದು ಪ್ರಚಲಿತ ವಿವರಣೆ. ಗುಡಿ ಇಂದು ಮೋಟುಗೋಡೆಯಷ್ಟೇ, ಏಕೆಂದರೆ 1988ರ ಸೆಪ್ಟೆಂಬರಿನಲ್ಲಿ ಬಂದ ಗಿಲ್ಬರ್ಟ್ ಚಂಡಮಾರುತ ಅದರ ಬಹುಭಾಗವನ್ನು ಕೆಡವಿತು. ಭವ್ಯ ದೇಗುಲವನ್ನು ನಿರೀಕ್ಷಿಸಿ ಹೋದವರು ಮುಖ ಸಪ್ಪೆ ಮಾಡಿಕೊಂಡು ಮರಳುವುದನ್ನು ಕಂಡಿದ್ದೇನೆ. ನೋಡಬೇಕಾದದ್ದು ಗುಡಿಯನ್ನಲ್ಲ, ಅದು ನಿಂತಿರುವ ಜಾಗವನ್ನು. ಮೆಕ್ಸಿಕೋದಲ್ಲಿ ದಿನದ ಮೊದಲ ಬಿಸಿಲು ಬೀಳುವುದು ಆ ಬಂಡೆಯ ಮೇಲೆ ಎನ್ನುತ್ತಾರೆ.

ಮೆಟ್ಟಿಲುಗಳಿರುವುದು ಬಂಡೆಯ ಬುಡದ ಅಲೆಗಳ ಬಳಿಗೆ ಇಳಿಯುವ ಕಾಲುದಾರಿಯಲ್ಲಿ. ಅಲ್ಲಿಗೆ ಅಪ್ಪನವರನ್ನು ಕರೆದೊಯ್ಯಬೇಡಿ, ನೀರು ಸಿಡಿದು ಕಲ್ಲು ಜಾರುತ್ತದೆ. ಬೆಳಿಗ್ಗೆ ತೆರೆಯುವ ಹೊತ್ತಿಗೇ ತಲುಪಿದರೆ, ಕಾನ್‌ಕುನ್‌ನಿಂದ ಬರುವ ದಿನದ ಪ್ರವಾಸಿಗರು ಗಾಡಿ ಹಿಡಿದು ಅಲ್ಲಿಗೆ ಬರುವ ಮೊದಲೇ ನೀವು ಹೊರಟಿರಬಹುದು.

ಹಿತ್ತಲಗಿಡ

ಹೋಗಿ ಬಂದೆವು. ವರದಿ ಒಪ್ಪಿಸದೆ ಇರುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ.

ದೋಣಿ ಇಳಿದೊಡನೆ ಗಾಡಿ ಬೇಕೇ ಎಂದು ಕೇಳುವವರು ಸುತ್ತುವರಿದರು. ಮೊದಲ ದಿನ ಯಾರಿಗೂ ಒಪ್ಪದೆ, ಪೇಟೆಯಲ್ಲಿ ಮೂರು ಅಂಗಡಿ ವಿಚಾರಿಸಿ, ಗಾಳಿ ಅಷ್ಟಾಗಿ ಇಲ್ಲದ ಎರಡನೆಯ ದಿನಕ್ಕೆ ಗೊತ್ತುಮಾಡಿಕೊಂಡೆವು. ಒಂದೇ ಬಗೆಯ ಗಾಡಿಗೆ ಮೂರು ಅಂಗಡಿಗಳಲ್ಲಿ ಮೂರು ಬೆಲೆ ಇದ್ದವು, ಕಡಿಮೆ ಹೇಳಿದವನದು ತೆರಿಗೆ ಸೇರಿಸಿದ ಮೇಲೆ ನಡುವಿನವನದಕ್ಕಿಂತ ಹೆಚ್ಚಾಯಿತು. ಗಡಿಯಾರಗೋಪುರ ಅವರು ಹೇಳಿದಂತೆ ವಿಡಿಯೊ ಮಾಡತೊಡಗಿದಾಗ ಅಂಗಡಿಯವನು ತಾನಾಗಿಯೇ ಬಂದು ಹಳೆಯ ಗೀರುಗಳನ್ನು ಬೆರಳಿಟ್ಟು ತೋರಿಸಿ, ಕಾಗದದ ಮೇಲಿನ ಚಿತ್ರದಲ್ಲಿ ಗುರುತು ಹಾಕಿಕೊಟ್ಟ.

ಅಪ್ಪನ ಹೆಸರನ್ನೂ ಕರಾರಿನಲ್ಲಿ ಬರೆಸಿದ್ದೆ. ಕರ್ನಾಟಕದ ಲೈಸೆನ್ಸ್ ಕಾರ್ಡನ್ನು ಆತ ಎರಡೂ ಕಡೆ ತಿರುಗಿಸಿ ನೋಡಿ ತಲೆಯಾಡಿಸಿದ. ಪೇಟೆಯ ಗದ್ದಲ ಮುಗಿಯುವವರೆಗೆ ನಾನೇ ಓಡಿಸಿ, ಹಿಂದಿರುಗುವಾಗ ವಾಹನ ಕಡಿಮೆಯಿದ್ದ ಮೂಡಣ ರಸ್ತೆಯಲ್ಲಿ ಅವರ ಕೈಗೆ ಕೊಟ್ಟೆ. ಮೊದಲ ಹತ್ತು ನಿಮಿಷ ಎಡಗಾಲು ಕ್ಲಚ್ ಹುಡುಕಿ ಬ್ರೇಕನ್ನೇ ತುಳಿಯುತ್ತಿತ್ತು, ಎಲ್ಲರೂ ಮುಗ್ಗರಿಸುತ್ತಿದ್ದೆವು. ಎರಡು ಸಲ ಎಡಕ್ಕೆ ಎಳೆದುಕೊಂಡು ಹೋದರು, ಪಕ್ಕದಲ್ಲಿ ಕೂತ ನಾನು "ಅಪ್ಪ, ಬಲಕ್ಕೆ" ಎನ್ನುತ್ತಲೇ ಇದ್ದೆ. ಅನಂತರ ಹದಕ್ಕೆ ಬಂದು, ಹಿಂದಿನಿಂದ ಬಂದ ಮೊಪೆಡ್‌ಗಳಿಗೆ ಕೈಬೀಸಿ ದಾರಿ ಬಿಡುತ್ತ ತಮ್ಮ ಅಂಬಾಸಡರ್ ದಿನಗಳ ಠೀವಿಯಲ್ಲೇ ಸಾಗಿದರು. ಮಳೆಬಿಲ್ಲು ಅವರು ಇದನ್ನು ಮೆಚ್ಚುತ್ತಾರೆಂದು ಭಾವಿಸುತ್ತೇನೆ.

ಪುಂತಾ ಸುರ್‌ನಲ್ಲಿ ಎಂಟು ಗಾಡಿಗಳು ಒಂದೇ ಬಣ್ಣದವು ಸಾಲಾಗಿ ನಿಂತಿದ್ದವು. ಮೆಟ್ಟಿಲಿನತ್ತ ಬರಲಾರೆನೆಂದು ಅಪ್ಪ ಬೇಗನೆ ಹಿಂದಿರುಗಿ ಗಾಡಿಯಲ್ಲಿ ಕೂತರು. ನಾವು ಬಂದಾಗ ಅವರು ಕೂತಿದ್ದದ್ದು ಬೇರೆಯವರ ಗಾಡಿಯಲ್ಲಿ! ತಮ್ಮ ಬಳಿಯಿದ್ದ ನಮ್ಮ ಕೀಲಿಯನ್ನು ಅದಕ್ಕೆ ಹಾಕಿ ನೋಡಿದ್ದರು, ಅದು ಸರಾಗವಾಗಿ ತಿರುಗಿಯೂ ಇತ್ತು. ಗಾಡಿಯ ಒಡೆಯರಾದ ಕೆನಡಾದ ದಂಪತಿಗಳು ನಗುತ್ತ ನಿಂತಿದ್ದರು, ಅಮ್ಮ ಮಾತ್ರ ನಾಚಿಕೆಯಿಂದ ಸೆರಗು ಮುಖಕ್ಕೆ ಹಿಡಿದುಕೊಂಡರು.

ಬಂಗಡೆ ಅವರ ಮಾತಿನಲ್ಲಿಯೂ ಹುರುಳಿತ್ತೆಂದು ಒಪ್ಪಲೇಬೇಕು. ಸಂಜೆ ಕಡಲತೀರದಿಂದ ಒದ್ದೆಯಾಗಿ ಬಂದ ಮಕ್ಕಳು ಗಾಡಿಯಲ್ಲೇ ನಿದ್ದೆಹೋದರು. ಆದರೆ ಮೂರನೆಯ ದಿನ ಗಾಡಿ ಇಲ್ಲವೆಂದು ಯಾರೂ ಕೊರಗಲಿಲ್ಲ.

ಗೇರುಬೀಜ

ಒಂದೇ ಕಂಪನಿಯ ಒಂದೇ ಮಾದರಿಯ ಗಾಲ್ಫ್ ಕಾರ್ಟ್‌ಗಳಿಗೆ ಬಹಳ ಸಲ ಒಂದೇ ಬಗೆಯ ಕೀಲಿ ಇರುತ್ತದೆ. ಮೈದಾನದಲ್ಲಿ ಯಾರು ಯಾವ ಗಾಡಿಯನ್ನಾದರೂ ಹತ್ತಲಿ ಎಂದು ಮಾಡಿದ ಅನುಕೂಲ ಅದು. ಇದನ್ನು ಮೊದಲೇ ಬರೆಯಬೇಕಿತ್ತು, ಮರೆತೆ. ಮುಂದೆ ಹೋಗುವವರು ಗಾಡಿಯ ಮೇಲೆ ಬರೆದಿರುವ ಸಂಖ್ಯೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಕನ್ನಡಿಗೆ ಒಂದು ಬಣ್ಣದ ಕರವಸ್ತ್ರ ಕಟ್ಟಿ, ಚೀಲಗಳನ್ನು ಗಾಡಿಯಲ್ಲಿ ಬಿಟ್ಟು ಹೋಗಬೇಡಿ.

ಕಡಲಂಚು

ಯಾವ ದಿಕ್ಕಿನಲ್ಲಿ ಸುತ್ತಿದಿರಿ ಎಂಬುದು ವರದಿಯಿಂದಲೇ ತಿಳಿಯಿತು. ನಿಮ್ಮ ತಾಯಿಯವರು ಏನೂ ಹೇಳಲಿಲ್ಲವೇ?

ಹಿತ್ತಲಗಿಡ

ಹೇಳದೆ ಇರುತ್ತಾರೆಯೇ. ಇಶ್ಚೆಲ್ ದೇವಿಯ ಮೋಟುಗೋಡೆಗೆ ಕಾಲ್ನಡಿಗೆಯಲ್ಲಿ ಬಲಗಡೆಯಿಂದ ಒಂದು ಸುತ್ತು ಬಂದು ಲೆಕ್ಕ ಸರಿಮಾಡಿಕೊಂಡರು.